ಹೊಂಗೆ ಎಲೆ ಉದುರುವ ಹೊತ್ತಿಗೆ

ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಹೇಳಿದವಳಿಗೆ ಪ್ರಶ್ನೆಗಳು ಹೊಸದಲ್ಲ. ಆದರೆ ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಚಳಿ, ಎಲೆ, ಅವರೆಕಾಯಿ! ಎಲ್ಲರೂ ಮಾತಾಡಿಕೊಂಡು ಬರೆದಿರೋ ಏನೋ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಹಬ್ಬ ಮುಗಿದರೂ ಬೆಳಿಗ್ಗೆ ಸ್ವೆಟರ್ ಬಿಡೋ ಹಾಗಿಲ್ಲ. ಗಾದೆ ಸುಳ್ಳಾ ಮೇಡಂ?
– ಓದುಗರೊಬ್ಬರು, ಚಿಕ್ಕಮಗಳೂರು

ಗಾದೆಯದು ತಪ್ಪಿಲ್ಲ, ಹಬ್ಬದ್ದೇ ಓಡಾಟ ಜಾಸ್ತಿ. 2024ರಲ್ಲಿ ಶಿವರಾತ್ರಿ ಬಂದಿದ್ದು ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರುವರಿ 26ಕ್ಕೆ, 2026ರಲ್ಲಿ ಫೆಬ್ರುವರಿ 15ಕ್ಕೇ. ಹಬ್ಬ ನಡೆಯೋದು ಚಂದ್ರನ ಲೆಕ್ಕದಲ್ಲಿ, ಬಿಸಿಲು ಏರೋದು ಸೂರ್ಯನ ಲೆಕ್ಕದಲ್ಲಿ. ಸ್ವೆಟರ್ ಇನ್ನೊಂದು ವಾರ ಇರಲಿ ಬಿಡಿ.

ಮನೆ ಮುಂದೆ ದೊಡ್ಡ ಹೊಂಗೆ ಮರ. ದಿನಕ್ಕೆ ಎರಡು ಸಲ ಗುಡಿಸಿದರೂ ಎಲೆ ಮುಗಿಯಲ್ಲ. ನಮ್ಮ ಮನೆಯವರು ಕೊಂಬೆಗಳನ್ನೆಲ್ಲ ಕಡಿಸಿಬಿಡೋಣ ಅನ್ನುತ್ತಿದ್ದಾರೆ. ಏನು ಹೇಳಲಿ?
– ಗೃಹಿಣಿ, ಬೆಂಗಳೂರು

ಇನ್ನು ಹದಿನೈದು ದಿನ ತಡೆಯಿರಿ ಅಂತ ಹೇಳಿ. ಅಷ್ಟರೊಳಗೆ ಅವರೇ ಆ ಮರದ ಕೆಳಗೆ ಸ್ಕೂಟರ್ ನಿಲ್ಲಿಸೋಕೆ ಜಾಗ ಹುಡುಕುತ್ತಿರುತ್ತಾರೆ.

ನಮ್ಮ ಮರಗಳು ಎಲೆ ಉದುರಿಸೋದು ಚಳಿಗೆ ಹೆದರಿ ಅಲ್ಲ, ನೀರಿನ ಲೆಕ್ಕ ಹಾಕಿ. ಮಳೆ ನಿಂತು ತಿಂಗಳುಗಳಾಗಿವೆ, ಮೇಲುಮಣ್ಣು ಒಣಗಿದೆ. ಹಳೇ ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಎಲೆ ಉದುರಿದರೆ ಆ ಖರ್ಚು ನಿಲ್ಲುತ್ತದೆ. ಬೇರು ಆಳದಿಂದ ಎಳೆದ ನೀರು ಕೊಂಬೆಯಲ್ಲೇ ಉಳಿಯುತ್ತದೆ. ಆ ಉಳಿತಾಯದಲ್ಲೇ ಹೊಸ ಚಿಗುರು. ಅದಕ್ಕೇ ನೋಡಿ, ಒಂದು ಹನಿ ಮಳೆ ಬೀಳದಿದ್ದರೂ ಬೇಸಿಗೆ ಬಾಗಿಲಲ್ಲಿ ಹೊಂಗೆ ಹಸಿರಾಗಿ ನಿಂತಿರುತ್ತದೆ.

ಒಂದು ಕೆಲಸ ಮಾಡಿ. ಕೈಗೆಟುಕುವ ಕೊಂಬೆಯ ಹೊಸ ಎಲೆಯೊಂದನ್ನು ಬೆಳಿಗ್ಗೆ ಮುಟ್ಟಿ ನೋಡಿ. ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಮೆತ್ತಗೆ ಜೋತುಬಿದ್ದಿರುತ್ತದೆ, ಬೆಳಕಿಗೆ ಹಿಡಿದರೆ ಒಳಗಿನ ನರವೆಲ್ಲ ಕಾಣುತ್ತದೆ. ವಾರ ಕಳೆದು ಅದೇ ಎಲೆಯನ್ನು ಮುಟ್ಟಿದರೆ ಗಟ್ಟಿಯಾಗಿರುತ್ತದೆ. ನಿಮ್ಮ ಮನೆಯವರನ್ನೂ ಕರೆದು ತೋರಿಸಿ. ಗುಡಿಸಿದ ಎಲೆಗೆ ಮಾತ್ರ ಬೆಂಕಿ ಹಚ್ಚಬೇಡಿ, ಗಿಡದ ಬುಡಕ್ಕೆ ಹಾಕಿ. (ಗುಡಿಸುವ ಕೆಲಸವನ್ನು ಅವರಿಗೇ ವಹಿಸಿದರೂ ನನ್ನ ಅಭ್ಯಂತರವಿಲ್ಲ.)

ಜಯನಗರದಲ್ಲಿ ರಸ್ತೆ ತುಂಬ ಗುಲಾಬಿ ಬಣ್ಣದ ಹೂ. ಇದು ಚೆರ್ರಿ ಬ್ಲಾಸಮ್ಮಾ?
– ಕಾಲೇಜು ವಿದ್ಯಾರ್ಥಿನಿ

ಅಲ್ಲ ಮಗಳೇ. ಅದು ಟಬೆಬುಯಾ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಕಡೆಯ ಮರ, ಚೆರ್ರಿಗೆ ನೆಂಟನೂ ಅಲ್ಲ. ಬಿದ್ದ ಹೂವೊಂದನ್ನು ಎತ್ತಿಕೋ. ತುತ್ತೂರಿ ಆಕಾರ, ಅಂಚೆಲ್ಲ ಮುದುರಿದ ಟಿಶ್ಯೂ ಕಾಗದದ ಹಾಗೆ, ಗಂಟಲಲ್ಲಿ ಸ್ವಲ್ಪ ಹಳದಿ. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯ ಮರ ಅರಳಬೇಕು, ವರ್ಷವಿಡೀ ಊರಲ್ಲಿ ಹೂ ಇರಬೇಕು ಎನ್ನುವ ಯೋಚನೆಯನ್ನು ಬೆಂಗಳೂರಿಗೆ ತಂದವರು ಕ್ರುಂಬಿಗಲ್. ಜರ್ಮನಿಯ ತೋಟಗಾರಿಕೆ ತಜ್ಞರು, 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಫೋಟೋ ತೆಗೆದುಕೋ, ಬೇಡ ಅನ್ನಲ್ಲ. ಕೆಳಗೆ ‘ಚೆರ್ರಿ’ ಅಂತ ಮಾತ್ರ ಬರೆಯಬೇಡ.

ಈಗ ಏನು ಓದುತ್ತಿದ್ದೀರಿ? ಹಾಗೇ ಇನ್ನೊಂದು: ಸ್ನೇಹಿತ ಒಯ್ದ ಪುಸ್ತಕ ವರ್ಷವಾದರೂ ವಾಪಸ್ ಬಂದಿಲ್ಲ. ಕೇಳೋಕೆ ಸಂಕೋಚ.
– ಬ್ಯಾಂಕ್ ಉದ್ಯೋಗಿ, ತುಮಕೂರು

ಎರಡಕ್ಕೂ ಒಂದೇ ಉತ್ತರ: ‘ಹಸುರು ಹೊನ್ನು’.

ಬಿ.ಜಿ.ಎಲ್. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವರು. ಹುಡುಗ ಹುಡುಗಿಯರನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದ ಕತೆ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಪ್ಪ ಡಿವಿಜಿಗೂ ಅದೇ ಪ್ರಶಸ್ತಿ ಬಂದಿತ್ತು, 1967ರಲ್ಲಿ. ಪುಸ್ತಕದ ಚಿತ್ರಗಳನ್ನೂ ಸ್ವಾಮಿಯವರೇ ಬರೆದಿದ್ದಾರೆ. ನಾನು ಗಿಡಗಳ ಹೆಸರು ಕಲಿತದ್ದು ಪಠ್ಯಪುಸ್ತಕದಿಂದ. ಗಿಡದ ಮುಂದೆ ನಿಂತು ನಗಬಹುದು ಅಂತ ಗೊತ್ತಾಗಿದ್ದು ಇದರಿಂದ.

ನನ್ನ ಮೊದಲ ಪ್ರತಿಯನ್ನು ಒಬ್ಬ ವಿದ್ಯಾರ್ಥಿ ಒಯ್ದ. ಈಗ ಅವನ ತಲೆ ನರೆತಿದೆ, ಪುಸ್ತಕ ಬಂದಿಲ್ಲ. ಪುಸ್ತಕ, ವನಿತೆ, ವಿತ್ತ ಪರರ ಕೈಗೆ ಹೋದರೆ ಹೋದಂತೆಯೇ ಅಂತ ಹಳೇ ಸುಭಾಷಿತ ಇದೆಯಲ್ಲ, ಅದರಲ್ಲಿ ವನಿತೆಯನ್ನು ಸೇರಿಸಿದ್ದಕ್ಕೆ ನನ್ನ ತಕರಾರಿದೆ. ಪುಸ್ತಕದ ವಿಷಯದಲ್ಲಿ ಮಾತ್ರ ನೂರಕ್ಕೆ ನೂರು ನಿಜ. ಹೋದ ವರ್ಷ ಇನ್ನೊಂದು ಪ್ರತಿ ಕೊಂಡೆ. ನೀವು ಸಂಕೋಚ ಬಿಟ್ಟು ಇವತ್ತೇ ಫೋನ್ ಮಾಡಿ. ‘ಓದಿದೆಯಾ, ಹೇಗಿತ್ತು?’ ಅಂತ ಶುರು ಮಾಡಿ. ಓದಿಲ್ಲದಿದ್ದರೆ ನಾಚಿಕೆಗಾದರೂ ತಂದುಕೊಡುತ್ತಾರೆ.

ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದೆ. ಆದರೆ ಆ ವಾಸನೆಯೇ ಇಲ್ಲವಲ್ಲ, ಯಾಕೆ?
– ನಿವೃತ್ತ ಶಿಕ್ಷಕರು, ಕೋಲಾರ

ನಮ್ಮ ಹಳೇ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಹಾಗಾಗಿ ಕಾಯಿ ಬರೋದು ಚಳಿಯಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ‘ಹೆಬ್ಬಾಳ ಅವರೆ’ ಅಂತ ತಳಿ ಮಾಡಿದರು. ಅದಕ್ಕೆ ಹಗಲಿನ ಉದ್ದದ ಹಂಗಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತದೆ. ರೈತರಿಗೆ ಅನುಕೂಲ, ಸಾರು ಮಾಡುವವರಿಗೆ ಅಷ್ಟಕ್ಕಷ್ಟೆ. ಸೊಗಡು ಬೇಕಾದರೆ ಇಬ್ಬನಿ ಬೀಳುವ ಕಾಲದ ಕಾಯಿಯನ್ನೇ ಕೊಳ್ಳಬೇಕು. ಕೊಳ್ಳುವಾಗ ಬೆರಳಿಗೆ ಜಿಡ್ಡು ಅಂಟುತ್ತದಾ ನೋಡಿ. ಅಂಟಿದರೆ ಬೆಲೆ ಚೌಕಾಸಿ ಮಾಡಬೇಡಿ.

ನಾನು ಈ ಸಲದ ಕೊನೇ ಎರಡು ಕೆಜಿಯನ್ನು ಮೊನ್ನೆ ಸುಲಿದೆ. ಹಿತಕಿದ ಬೇಳೆ ಸಾರು ಮಾಡೋಣ ಅಂತ. ಒಂದು ತೊಡೆಯ ಮೇಲೆ ಮೊರ, ಪಕ್ಕದಲ್ಲಿ ಸ್ವಾಮಿಯವರ ಪುಸ್ತಕ. ಪುಟ ತಿರುಗಿಸುವಾಗ ಕೈ ಒರೆಸಿಕೊಳ್ಳೋದು ಮರೆತೆ. ಹೊಸ ಪ್ರತಿಯ ಅಂಚಲ್ಲಿ ಎರಡು ಬೆರಳಿನ ಕಲೆ ಕೂತಿದೆ. ಮೂಸಿ ನೋಡಿದರೆ ಇನ್ನೂ ಸೊಗಡು ಬರುತ್ತಿದೆ.