‘ಕರೆಯಬಹುದು’ ಮತ್ತು ‘ಕರೆಯತಕ್ಕದ್ದು’

ಪ್ರಶ್ನೆ: ನಮ್ಮೂರಿನ ಸಂಘದ ಬೈಲಾ ತಿದ್ದುವಾಗ, ‘ಮೂರನೆಯ ಒಂದು ಭಾಗದಷ್ಟು ಸದಸ್ಯರು ಲಿಖಿತವಾಗಿ ಕೋರಿದರೆ ಅಧ್ಯಕ್ಷರು ವಿಶೇಷ ಸಭೆಯನ್ನು ಕರೆಯಬಹುದು’ ಎಂದು ಬರೆದೆವು. ‘ಕರೆಯತಕ್ಕದ್ದು’ ಎಂದೇ ಇರಬೇಕೆಂದು ಹಿರಿಯರೊಬ್ಬರು ಹಟ ಹಿಡಿದಿದ್ದಾರೆ. ಭಾವ ಅರ್ಥವಾದರೆ ಸಾಲದೇ? ಒಂದು ಪದಕ್ಕಾಗಿ ಇಷ್ಟು ಜಗ್ಗಾಟ ಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಆ ಹಿರಿಯರ ಹಟದಲ್ಲಿ ಹುರುಳಿದೆ. ‘ಕರೆಯಬಹುದು’ ಎಂದರೆ ಕರೆಯದೆಯೂ ಇರಬಹುದು. ಸದಸ್ಯರು ಸಹಿ ಹಾಕಿ ಅರ್ಜಿ ಕೊಡುವ ಪ್ರಸಂಗ ಬರುವುದೇ ಬಹುಮಟ್ಟಿಗೆ ಅಧ್ಯಕ್ಷರಿಗೆ ಆ ಸಭೆ ಬೇಡವಾಗಿರುವಾಗ, ಆದ್ದರಿಂದ ನಿಯಮ ಬೇಕಾಗುವ ದಿನವೇ ಅದು ಕೈಕೊಡುತ್ತದೆ. ‘ತಕ್ಕದ್ದು’ ಎಂಬುದಕ್ಕೆ ಕಚೇರಿಯ ವಾಸನೆಯಿದೆ ಎನ್ನಿಸಿದರೆ ‘ಕರೆಯಲೇಬೇಕು’ ಎಂದು ಬರೆಯಿರಿ. ಎದುರುಬದುರು ಕುಳಿತು ಮಾತನಾಡುವಾಗ ಭಾವ ಸಾಕು, ಅನುಮಾನ ಬಂದರೆ ಕೇಳಿ ತಿಳಿಯಬಹುದು. ಆದರೆ ಹತ್ತು ವರ್ಷದ ಮೇಲೆ ಬೈಲಾ ಬಿಚ್ಚುವವರಿಗೆ ಸಿಗುವುದು ಪದ ಮಾತ್ರ.

ಇದಕ್ಕೆ ನಮ್ಮ ಸಂವಿಧಾನದ 21ನೆಯ ವಿಧಿಗಿಂತ ಒಳ್ಳೆಯ ಸಾಕ್ಷಿ ನನಗೆ ತೋಚುವುದಿಲ್ಲ. ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಬೇಕಾದರೆ ‘ಡ್ಯೂ ಪ್ರೊಸೆಸ್ ಆಫ್ ಲಾ’ (ಕಾನೂನಿನ ಯುಕ್ತ ಪ್ರಕ್ರಿಯೆ) ಪಾಲಿಸಿರಬೇಕು ಎಂಬ ಅಮೆರಿಕದ ಪದಪುಂಜವೇ ಮೊದಲ ಹಂತದಲ್ಲಿ ಇಲ್ಲಿಯೂ ಇತ್ತು. ಅದು ಇದ್ದಿದ್ದರೆ ಕಾನೂನೇ ನ್ಯಾಯಯುತವೇ ಎಂದು ನ್ಯಾಯಾಲಯ ತೂಗಿ ನೋಡಬಹುದಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋದಾಗ, ಚುನಾಯಿತ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವ ದಾರಿ ಅದು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಮುಂದೆ ಕರಡು ಸಮಿತಿಯು ಜಪಾನಿನ ಸಂವಿಧಾನದ 31ನೆಯ ವಿಧಿಯನ್ನು ಅನುಸರಿಸಿ ‘ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ’ ಎಂದು ಬರೆಯಿತು; ‘ಸ್ವಾತಂತ್ರ್ಯ’ಕ್ಕೆ ‘ವೈಯಕ್ತಿಕ’ ಎಂಬ ವಿಶೇಷಣವನ್ನೂ ಅಂಟಿಸಿತು.

ಬೆಲೆ ತೆತ್ತವರು ಬೇರೆಯವರು. ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1950ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಶಾಸಕಾಂಗ ಮಾಡಿದ ಕಾನೂನೊಂದು ಇದ್ದರಾಯಿತು, ಅದರ ನ್ಯಾಯವನ್ನು ತೂಗುವುದು ತನ್ನ ಕೆಲಸವಲ್ಲ ಎಂದಿತು ಬಹುಮತದ ತೀರ್ಪು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. 1978ರಲ್ಲಿ, ಪಾಸ್‌ಪೋರ್ಟ್ ಮುಟ್ಟುಗೋಲಿನ ಮೇನಕಾ ಗಾಂಧಿ ಪ್ರಕರಣದಲ್ಲಿ, ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು ಅದೇ ನ್ಯಾಯಾಲಯ ಹೇಳಿತು. ವಿಧಿಯ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾಗಿ ಪದವೇ ಸರ್ವಸ್ವ ಎಂದು ನಾನು ವಾದಿಸಲಾರೆ. ಆದರೂ ಕೈಬಿಟ್ಟ ಅರ್ಥವನ್ನು ಓದಿನ ಬಲದಿಂದ ಮರಳಿ ತರಲು 28 ವರ್ಷ ಹಿಡಿಯಿತು, ಅದೂ ಸುಪ್ರೀಂ ಕೋರ್ಟಿಗೆ.

ನಿಮ್ಮ ಸಂಘಕ್ಕೆ ಅಷ್ಟು ತಾಳ್ಮೆ ಇರಲಾರದು. ಸರ್ವಸದಸ್ಯರ ಸಭೆಯ ಮುಂದಿಡುವ ಮೊದಲು ಅರ್ಜಿ ತಲುಪಿದ ಎಷ್ಟು ದಿನದೊಳಗೆ ಸಭೆ ನಡೆಯಬೇಕು, ಅಧ್ಯಕ್ಷರು ಕರೆಯದಿದ್ದರೆ ಯಾರು ಕರೆಯಬೇಕು ಎಂಬುದನ್ನೂ ಆ ವಾಕ್ಯಕ್ಕೆ ಸೇರಿಸಿ. ಬೈಲಾದ ಉಳಿದ ಕಡೆ ‘ಸೂಕ್ತ ಕಾಲದಲ್ಲಿ’, ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬವು ಸೇರಿಕೊಂಡಿದ್ದರೆ ಅವನ್ನೂ ಹಿರಿಯರಿಗೆ ತೋರಿಸಿ.