ನಿಜ ಹೆಸರು ಹಾಕಿಸಿದರೆ ಬೈಗುಳ ನಿಲ್ಲುತ್ತದಾ?

ಪತ್ರಿಕೆಯ ಜಾಲತಾಣದಲ್ಲಿ ಕಾಡಾನೆ ಸುದ್ದಿಗಳ ಕೆಳಗಿನ ಕಾಮೆಂಟುಗಳಲ್ಲಿ ಜನ ಬೈದಾಡುವುದು ನಿಲ್ಲಲು ನಿಜ ಹೆಸರು ಕಡ್ಡಾಯ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ನನಗೆ ಅನುಮಾನ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಿಗೆ ಇಂಥದ್ದೇ ನಿಯಮ ತಂದಿತ್ತು. ಬೈಗುಳ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಹೆಸರು ನಿಜವೇ ಅಂತ ನೋಡಲು ಜಾಲತಾಣಗಳು ಜನರ ವಿವರ ಕೂಡಿಡುತ್ತಿದ್ದವು; 2011ರಲ್ಲಿ ಅಂಥ ಒಂದು ಕಂಪನಿಯಿಂದ ಸುಮಾರು 3.5 ಕೋಟಿ ಜನರ ವಿವರ ಕಳವಾಯಿತು. ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು.

ನಮ್ಮ ಹಾಸನದವರೂ ಫೇಸ್‌ಬುಕ್ಕಿನಲ್ಲಿ ಹೆಸರು, ಫೋಟೋ, ಊರು ಎಲ್ಲ ಹಾಕಿಕೊಂಡೇ ಬಯ್ಯುತ್ತಾರೆ, ಅಲ್ವಾ? ಆದರೆ ಮೂಡಿಗೆರೆ ಕಡೆ ತೋಟದ ಮಾಲೀಕರು ಕೆಲಸಗಾರರಿಗೆ ಕೊಟ್ಟ ಲೈನ್ ಮನೆಯಲ್ಲಿರುವವರು ಕೂಲಿ ಬಗ್ಗೆ ಹೆಸರು ಹಾಕಿ ಬರೆದರೆ, ಕೆಲಸದ ಜೊತೆ ಮನೆಯೂ ಹೋಗಬಹುದು. ಹಾಗಾಗಿ ಕಾಮೆಂಟುಗಳನ್ನು ಪ್ರಕಟಿಸುವ ಮುಂಚೆ ಓದಿ ನೋಡಲು ಒಬ್ಬರನ್ನು ಇಡುವುದು ವಾಸಿ. ಸಣ್ಣ ಪತ್ರಿಕೆಗೆ ಒಂದು ಸಂಬಳ ಜಾಸ್ತಿ ಬೀಳುತ್ತದೆ, ಅದೇ ತೊಡಕು.