ಅಟ್ಲಾಂಟಾ ಹತ್ತಿರ ಚರಿತ್ರೆ ಇರುವ ಸಣ್ಣ ಊರು ಯಾವುದಿದೆ? ಅಲ್ಲಿನವರು ಹೇಳುವ ಕಥೆಗಳೇನು?

ನನ್ನನ್ನು ಕೇಳಿದರೆ ಡಲಾನಿಗ. ಅಮೆರಿಕದ ಜಾರ್ಜಿಯಾ ರಾಜ್ಯದ ಉತ್ತರ ಭಾಗದಲ್ಲಿ, ಬೆಟ್ಟಗಳು ಶುರುವಾಗುವಲ್ಲಿದೆ. ಅಟ್ಲಾಂಟಾದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ನಾನು ಬಂಗಾರಪೇಟೆಯವನು, ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡುತ್ತಲೇ ದೊಡ್ಡವನಾದೆ. ಹಾಗಾಗಿ ಚಿನ್ನದ ಊರು ಅಂದರೆ ಬಿಡಲಾಗುವುದಿಲ್ಲ. ಇಲ್ಲಿಗೆ ಮೂರು ಸಲ ಹೋಗಿ ಬಂದಿದ್ದೇನೆ.

ಊರಿನವರು ಮೊದಲು ಹೇಳುವುದು ಬೆಂಜಮಿನ್ ಪಾರ್ಕ್ಸ್ ಎಂಬುವನ ಕಥೆ. 1828ರಲ್ಲಿ ಜಿಂಕೆ ಬೇಟೆಗೆ ಹೋದಾಗ ಕಾಲಿಗೆ ಕಲ್ಲೊಂದು ಎಡವಿತಂತೆ, ಎತ್ತಿ ನೋಡಿದರೆ ಚಿನ್ನವಂತೆ. ಇದನ್ನು ಅವನೇ ಮುಪ್ಪಿನಲ್ಲಿ ಹೇಳಿಕೊಂಡದ್ದು. ಮೊದಲು ಕಂಡವರು ನಾವೇ ಎನ್ನುವ ಬೇರೆಯವರೂ ಇದ್ದಾರೆ. ಯಾರಿಗೇ ಸಿಕ್ಕಿರಲಿ, 1829ರ ಹೊತ್ತಿಗೆ ಸುದ್ದಿ ಪತ್ರಿಕೆಗೆ ಬಂತು, ಸಾವಿರಾರು ಜನ ನುಗ್ಗಿದರು. ಕ್ಯಾಲಿಫೋರ್ನಿಯಾದ ಚಿನ್ನದ ಗಲಾಟೆಗೆ ಆಗಿನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ಎರಡನೆಯ ಕಥೆ ನನಗೆ ಹೆಚ್ಚು ಇಷ್ಟ. 1849ರಲ್ಲಿ ಗಣಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ, ಊರಿನಲ್ಲಿದ್ದ ನಾಣ್ಯ ಹೊಡೆಯುವ ಟಂಕಸಾಲೆಯಲ್ಲಿ ಚಿನ್ನ ಪರೀಕ್ಷಿಸುತ್ತಿದ್ದ ಮ್ಯಾಥ್ಯೂ ಸ್ಟೀಫನ್‌ಸನ್ ಕೋರ್ಟಿನ ಮುಂದೆ ನಿಂತು, ಎದುರಿನ ಗುಡ್ಡಕ್ಕೆ ಬೆರಳು ತೋರಿಸಿ, ಅಲ್ಲೇ ಕೋಟಿಗಟ್ಟಲೆ ಬಿದ್ದಿರುವಾಗ ಅಷ್ಟು ದೂರ ಯಾಕೆ ಹೋಗುತ್ತೀರಿ ಎಂದು ಅಂಗಲಾಚಿದನಂತೆ. ಯಾರೂ ನಿಲ್ಲಲಿಲ್ಲ. 1836ರಲ್ಲಿ ಕಟ್ಟಿದ ಆ ಕೋರ್ಟು ಈಗ ಚಿನ್ನದ ಮ್ಯೂಸಿಯಂ. ಇಟ್ಟಿಗೆ ಇಲ್ಲಿಯ ಮಣ್ಣಿನದೇ ಆದ್ದರಿಂದ ಅದರೊಳಗೂ ಚಿನ್ನದ ಕಣ ಇದೆ ಎನ್ನುತ್ತಾರೆ.

ಪ್ರವಾಸಿಗರಿಗೆ ತಟ್ಟೆಯಲ್ಲಿ ಮರಳು ಕೊಟ್ಟು ತೊಳೆಯಲು ಬಿಡುತ್ತಾರೆ. ನಮ್ಮ ಮನೆಗಳಲ್ಲಿ ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತಿದ್ದರಲ್ಲ, ಕೈ ಆಡಿಸುವುದು ಥೇಟ್ ಹಾಗೇ. ನೀರು ಸುತ್ತಿದಂತೆ ಬೆಳ್ಳನೆ ಮರಳು ಅಂಚಿನಿಂದ ಜಾರಿ ಹೋಗುತ್ತದೆ, ತಳದಲ್ಲಿ ಕಪ್ಪು ಮರಳು ಉಳಿಯುತ್ತದೆ. ಆ ಕಪ್ಪಿನ ತುದಿಯಲ್ಲಿ ನನಗೆ ಸಾಸಿವೆಗಿಂತ ಸಣ್ಣದು ಎರಡು ಕಣ ಸಿಕ್ಕವು. ಅಕ್ಕಸಾಲಿಗರ ಅಂಗಡಿಯ ಕಸ ತೊಳೆದು ಚಿನ್ನ ತೆಗೆಯುತ್ತಿದ್ದ ನಮ್ಮ ಜಲಗಾರರು ನೆನಪಾದರು.

ಇಷ್ಟನ್ನೇ ಕೇಳಿಕೊಂಡು ವಾಪಸ್ ಬರಬೇಡಿ. ಊರಿನ ಹೆಸರಿನಲ್ಲೇ ಇನ್ನೊಂದು ಕಥೆ ಇದೆ. ಇಲ್ಲಿಯ ಮೂಲನಿವಾಸಿಗಳಾದ ಚೆರೊಕಿಗಳ ಭಾಷೆಯಲ್ಲಿ 'ದಲೊನಿಗೆ' ಎಂದರೆ ಹಳದಿ. ನೆಲ ಅವರದು. ಚಿನ್ನ ಸಿಕ್ಕಿದ್ದೇ ತಡ, ಜಾರ್ಜಿಯಾ ಸರ್ಕಾರ 1832ರಲ್ಲಿ ಆ ನೆಲವನ್ನು ನಲವತ್ತು ನಲವತ್ತು ಎಕರೆ ತುಂಡು ಮಾಡಿ ಬಿಳಿಯರಿಗೆ ಲಾಟರಿ ಎತ್ತಿ ಹಂಚಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಚೆರೊಕಿಗಳ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1838ರ ಏಪ್ರಿಲ್‌ನಲ್ಲಿ ಇಲ್ಲಿಯ ಟಂಕಸಾಲೆ ಮೊದಲ ನಾಣ್ಯ ಹೊಡೆಯಿತು. ಮೇ ತಿಂಗಳಲ್ಲಿ ಸೈನಿಕರು ಚೆರೊಕಿಗಳನ್ನು ಮನೆಮನೆಯಿಂದ ಹೊರಗೆಳೆದು ದೊಡ್ಡಿಗೆ ತುಂಬಿದರು. ಅಲ್ಲಿಂದ ಪಶ್ಚಿಮಕ್ಕೆ ಅಟ್ಟಿದ ಆ ಹಾದಿಗೆ ಕಣ್ಣೀರ ಹಾದಿ ಎಂದೇ ಹೆಸರು. ಸುಮಾರು ನಾಲ್ಕು ಸಾವಿರ ಜನ ಸತ್ತರು ಎನ್ನುತ್ತಾರೆ. ಗಣಿಯಲ್ಲಿ ಗುಲಾಮರನ್ನೂ ದುಡಿಸಿಕೊಂಡರು. ಎಡವಿದ ಕಲ್ಲಿನ ಕಥೆಯನ್ನು ಎಷ್ಟು ಸಂತೋಷವಾಗಿ ಹೇಳುತ್ತಾರೋ ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅನ್ನುವುದು ನನ್ನ ಆಸೆ.

ಟಂಕಸಾಲೆ 1861ರಲ್ಲಿ, ಅಂತರ್ಯುದ್ಧ ಶುರುವಾದಾಗ, ಮುಚ್ಚಿತು. ಕಟ್ಟಡ 1878ರಲ್ಲಿ ಸುಟ್ಟುಹೋಯಿತು. ಅದೇ ಪಾಯದ ಮೇಲೆ ಈಗ ಕಾಲೇಜಿನ ಕಟ್ಟಡವಿದೆ, ಗೋಪುರಕ್ಕೆ ಚಿನ್ನದ ಹಾಳೆ ಹೊದಿಸಿದ್ದಾರೆ. ಅಟ್ಲಾಂಟಾದ ವಿಧಾನಸಭೆಯ ಗುಮ್ಮಟಕ್ಕೂ 1958ರಲ್ಲಿ ಇಲ್ಲಿಂದಲೇ ಚಿನ್ನ ಹೋಯಿತು, ಅದೂ ಹಳೇ ಕಾಲದ ಬಂಡಿಗಳಲ್ಲಿ ಮೆರವಣಿಗೆಯಾಗಿ.

ಮ್ಯೂಸಿಯಂಗೆ ಹೋದಾಗ ನಾಣ್ಯಗಳ ಗಾಜಿನ ಪೆಟ್ಟಿಗೆಯಲ್ಲಿ 1838ರ ಐದು ಡಾಲರ್ ನಾಣ್ಯವನ್ನು ಹುಡುಕಿ. ಇಸವಿಯ ಮೇಲೆ ಚಿಕ್ಕದಾಗಿ ಒಂದು 'ಡಿ' ಇರುತ್ತದೆ. ಡಲಾನಿಗದ ಡಿ, ಚೆರೊಕಿ ಮಾತಿನ ಮೊದಲ ಅಕ್ಷರ.